ಮಗನ ಮೈಗೆ ಯಾರದೋ ಕೋಟು

ಅವಳ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ನಾನು ಬೈಸಿಕೊಂಡ ದಿನ. ನಮ್ಮನೆ ಯಜಮಾನರು ತೀರಿಕೊಂಡ ಮೇಲೆ ಅವರ ಇಸ್ತ್ರಿ ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಕೈ ಇನ್ನೂ ಪಳಗಿರಲಿಲ್ಲ. ಒಬ್ಬ ವಕೀಲರ ಕರಿಕೋಟಿನ ತೋಳನ್ನು ಬೆರಳು ತೂರುವಷ್ಟು ಸುಟ್ಟುಬಿಟ್ಟೆ. ಆತ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದಾಗ ಎದುರಿನ ಚಪ್ಪಲಿ ರಿಪೇರಿಯವನು ಕೂತಲ್ಲಿಂದಲೇ ಹೇಳಿದ: "ಯಾಕೆ ಸ್ವಾಮಿ ಗಂಟಲು ಹರ್ಕೋತೀರಿ? ಹಿಂದಿನ ಬೀದೀಲಿ ಒಬ್ಬಳು ರಫು ಮಾಡ್ತಾಳೆ. ಅವಳು ಮುಚ್ಚಿದ ತೂತನ್ನ ನೀವಿರಲಿ, ನಿಮ್ಮ ಜಡ್ಜೂ ಕಂಡುಹಿಡಿಯಲ್ಲ."

ಹೋದೆ. ಮೆಟ್ಟಿಲ ಕೆಳಗಿನ ಕೋಣೆ, ಒಂದೇ ಕಿಟಕಿ, ಅದಕ್ಕೆ ಅಂಟಿಕೊಂಡಂತೆ ಕೂತಿದ್ದಳು. ಕೋಟನ್ನು ಒಳಮಗ್ಗುಲು ಮಾಡಿ, ಅಂಚಿನ ಮಡಿಕೆ ಬಿಚ್ಚಿ, ಅಲ್ಲಿಂದ ಒಂದೊಂದೇ ಎಳೆ ಕಿತ್ತಳು.

"ಅಂಗಡಿ ನೂಲು ಹಾಕಿದ್ರೆ ಆಗಲ್ವಾ?" ಎಂದೆ.

"ಎಷ್ಟೇ ಹೊಂದ್ಸಿದ್ರೂ ನಾಲ್ಕು ಸಲ ಒಗೆದ್ರೆ ಬಣ್ಣ ಬಿಟ್ಕೊಡುತ್ತೆ ಅಕ್ಕಾ. ಅದರ ತೂತಿಗೆ ಅದರದೇ ನೂಲು ಆಗ್ಬೇಕು."

ಮರುದಿನ ವಕೀಲರು ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ತೂತು ಸಿಗಲಿಲ್ಲ, ಬೈಯಲು ನೆಪವೂ ಸಿಗಲಿಲ್ಲ. ಮುಖ ಊದಿಸಿಕೊಂಡು ಹೋದರು. ಅಂದಿನಿಂದ ನಾನು ಸುಡುವುದು, ಅವಳು ಮುಚ್ಚುವುದು. ಬೀದಿಯವರು ಅವಳನ್ನು ರಫು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಅವಳಿಗಿದ್ದವನು ಒಬ್ಬನೇ ಮಗ. ದೂರದ ರೈಲಿನಲ್ಲಿ ಪ್ರಯಾಣಿಕರಿಗೆ ಕಂಬಳಿ, ದಿಂಬು ಕೊಡುವ ಕೆಲಸ. ಅವನ ಒಂದು ದೊಡ್ಡ ಫೋಟೋ ಗೋಡೆಯಲ್ಲಿತ್ತು. ಬೋಗಿಯ ಬಾಗಿಲಲ್ಲಿ ನಿಂತು, ಮಡಚಿದ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಲ್ಲು ಕಾಣುವಂತೆ ನಗುತ್ತಿದ್ದಾನೆ. ಹಾಕಿದ್ದ ನೀಲಿ ಷರ್ಟಿನ ಎಡಭುಜ ಹರಿದಿದ್ದನ್ನು ಇವಳೇ ರಫು ಮಾಡಿದ್ದಳು. ಮನೆಗೆ ಬಂದವರಿಗೆಲ್ಲ, "ಎಲ್ಲಿ ಹರಿದಿತ್ತು ತೋರ್ಸಿ ನೋಡೋಣ" ಎಂದು ಸವಾಲು ಹಾಕುವಳು. ಯಾರೂ ಗೆದ್ದಿರಲಿಲ್ಲ. ಅವನ ಮಿಕ್ಕ ಫೋಟೋಗಳೆಲ್ಲ ಅವನ ಫೋನಿನಲ್ಲೇ ಇದ್ದವು. ಫೋನು ಅವನ ಜೊತೆಯೇ ಹೋಯಿತು.

ಆ ರೈಲಿಗೆ ಬಾಂಬಿಟ್ಟರು. ರಜೆ ಮುಗಿಸಿ ಹೊರಟಿದ್ದ ಸೈನಿಕರ ಬೋಗಿ. ದೇಶವೇ ಅತ್ತಿತು ಅಂತ ಟೀವಿಯಲ್ಲಿ ಹೇಳಿದರು. ನಮ್ಮ ಬೀದಿಗೆ ಒಂದು ಪೆಟ್ಟಿಗೆ ಬಂತು. ಮೊಳೆ ಹೊಡೆದಿತ್ತು. ತೆಗೆಯಬೇಡಿ ಎಂದರು, ತೆಗೆಯಲಿಲ್ಲ.

ನಾಲ್ಕನೇ ದಿನ ದೊಡ್ಡರಸ್ತೆಯ ಬಟ್ಟೆ ಅಂಗಡಿಯ ಸಾಹುಕಾರ ಕಾರಿನಲ್ಲಿ ಬಂದ. "ಅಮ್ಮಾ, ಫೋಟೋ ಎರಡು ದಿನಕ್ಕೆ ಕೊಡಿ. ದೊಡ್ಡದು ಮಾಡ್ಸಿ ಗೌರವ ಸಲ್ಲಿಸ್ತೀವಿ" ಎಂದ. ಅವಳಿಗೆ ಹೂಂ ಅನ್ನುವ ತ್ರಾಣವೂ ಇರಲಿಲ್ಲ. ಮೊಳೆಯಿಂದ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ ಕೊಟ್ಟವಳು ನಾನೇ. ನನ್ನ ಬುದ್ಧಿಗಿಷ್ಟು!

ವಾರದೊಳಗೆ ಮೂರು ಮಹಡಿಯುದ್ದ ಬ್ಯಾನರು ಇಳಿಬಿಟ್ಟರು. ಮುಖ ಅವನದೇ. ಕುತ್ತಿಗೆಯಿಂದ ಕೆಳಗೆ ಸೈನಿಕನ ಕೋಟು, ಕೈಯಲ್ಲಿ ಬಂದೂಕು, ಹಿಂದೆ ಬಾವುಟ. ಮುಖಕ್ಕಿಂತ ದೊಡ್ಡದಾಗಿ ಅಂಗಡಿಯ ಹೆಸರು. ಅದರ ಕೆಳಗೆ: "ವೀರನಿಗೆ ನಮನ. ದೇಶಭಕ್ತಿ ರಿಯಾಯಿತಿ ಭಾನುವಾರದವರೆಗೆ ಮಾತ್ರ." ದುಃಖಕ್ಕೂ ಕೊನೆಯ ದಿನಾಂಕ! ಒಳಗೆ ನೋಡಿದರೆ ಅವನ ಮುಖದ ಟೀಶರ್ಟು, ಅವನ ಮುಖದ ಚೀಲ, ಅವನ ಮುಖದ ಛತ್ರಿ.

ರಫು ಬ್ಯಾನರಿನ ಕೆಳಗೆ ಬಂದು ನಿಂತಳು. ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಅಕ್ಕಾ, ಭುಜ ನೋಡು. ನಾಲ್ಕು ಬೆರಳು ಜೋತುಬಿದ್ದಿದೆ. ಯಾರ ಅಳತೆ ಇದು?"

ನಾವು ಹೋದದ್ದು ಫೋಟೋ ವಾಪಸ್ ಕೇಳಲು. ಸಾಹುಕಾರ, "ಬನ್ನಿ ಬನ್ನಿ, ವೀರಮಾತೆ ಬಂದ್ರು!" ಎಂದು ಕೂಗಿ ಅವಳನ್ನು ಅಂಗಡಿ ಮುಂದಿನ ವೇದಿಕೆಗೆ ಹತ್ತಿಸಿಬಿಟ್ಟ. ಒಂದು ನಿಮಿಷ ಮೌನ ಅಂದರು. ಅರ್ಧ ನಿಮಿಷಕ್ಕೇ ಮೈಕಿನವನು "ಹಲೋ, ಹಲೋ" ಅಂದ. ಇವಳು ಮೈಕು ಹಿಡಿದಳು.

"ನನ್ನ ಮಗ ಸೈನಿಕ ಅಲ್ಲ. ಸೈನಿಕರು ಮಲಗೋಕೆ ಕಂಬಳಿ ಕೊಡ್ತಿದ್ದ. ಅದೇನು ಮುಚ್ಚಿಡೋ ಕೆಲಸ ಅಲ್ಲ. ಈ ಕೋಟು ಬಿಚ್ಚಿ. ನನ್ನ ಫೋಟೋ ನನಗೆ ಕೊಡಿ."

ಬಿತ್ತು ನೋಡಿ ಚಪ್ಪಾಳೆ! ಬೈದರೂ ಚಪ್ಪಾಳೆ. ಯಾರೋ ಸೀಟಿಯನ್ನೂ ಹೊಡೆದರು. ಸಾಹುಕಾರ ಕಣ್ಣೊರೆಸಿಕೊಂಡು, "ಭಾರೀ ಮಾತಾಡಿದ್ರಿ ಅಮ್ಮಾ" ಎಂದು ಟೀಶರ್ಟಿನ ಕಟ್ಟು ತರಿಸಿದ. "ನಿಮಗೆ ಯಾವ ಸೈಜು ಬೇಕು?"

ಫೋಟೋ ಬ್ಯಾನರು ಅಚ್ಚುಹಾಕಿದ ಪ್ರೆಸ್ಸಿನಲ್ಲಿದೆ ಎಂದರು. ನಾನು ಪ್ರೆಸ್ಸಿಗೆ ಹೋದೆ. ಇವತ್ತು ಬಾ, ನಾಳೆ ಬಾ ಅಂತ ಅಲೆಸಿ, ನಾಲ್ಕನೇ ಸಲಕ್ಕೆ ಒಂದು ಲಕೋಟೆ ಕೊಟ್ಟರು. ಹಗುರ ಇತ್ತು. ಒಳಗೆ ಬರೀ ತಲೆ. ಗದ್ದದ ಸುತ್ತ ನೀಟಾಗಿ ಕತ್ತರಿ ಆಡಿಸಿದ್ದರು.

"ಅಷ್ಟು ದೊಡ್ಡ ಫೋಟೋ ಮೆಷಿನ್ನಿಗೆ ಹಿಡೀಲಿಲ್ಲ ಅಜ್ಜಿ" ಎಂದ ಪ್ರೆಸ್ಸಿನವನು. "ಬೇಕಾಗಿದ್ದದ್ದು ಮುಖ ತಾನೇ? ಮಿಕ್ಕಿದ್ದು ಏನೋ ಸಾದಾ ಷರ್ಟು."

"ಆ ಮಿಕ್ಕಿದ್ದೆಲ್ಲಪ್ಪ?"

"ಹಿಂದೆ ಚೂರುಕಾಗದದ ಚೀಲಗಳಿವೆ, ಹುಡುಕ್ಕೊಳ್ಳಿ."

ಒಂದು ಮಧ್ಯಾಹ್ನವಿಡೀ ಹುಡುಕಿದೆ. ಯಾರ್ಯಾರದೋ ಮದುವೆಯ ಚೂರು, ಸೋಪಿನ ಜಾಹೀರಾತಿನ ಚೂರು. ನೀಲಿ ಕಂಡಲ್ಲೆಲ್ಲ ಕೈ ಹಾಕಿದೆ. ಸಿಗಲಿಲ್ಲ.

ರಫು ಲಕೋಟೆ ಬಿಚ್ಚಿ ನೋಡಿದಳು. ನನ್ನನ್ನು ಬೈದಿದ್ದರೆ ವಾಸಿಯಾಗಿತ್ತು. ತಲೆಯ ಚೂರನ್ನು ಕಿಟಕಿಯ ಗಾಜಿಗೆ ಅಂಟಿಸಿ ಸೂಜಿ ಹಿಡಿದು ಕೆಲಸಕ್ಕೆ ಕೂತಳು.

ಆ ಟೀಶರ್ಟುಗಳು ಇಸ್ತ್ರಿಗೆ ನನ್ನ ಮೇಜಿಗೇ ಬರತೊಡಗಿದವು. ನಾನು ಒಳಮಗ್ಗುಲು ಮಾಡಿ ಉಜ್ಜುತ್ತಿದ್ದೆ. "ಮುಂಭಾಗ ಸುಕ್ಕು ಹಾಗೇ ಇದೆಯಲ್ಲ ಅಜ್ಜಿ" ಎಂದು ಒಬ್ಬ ತಕರಾರು ತೆಗೆದ. "ಆ ಮುಖದ ಪರಿಚಯ ನನಗಿದೆ. ಕಾದ ಇಸ್ತ್ರಿಪೆಟ್ಟಿಗೆ ಅದರ ಮೇಲೆ ನೀನೇ ಇಡು, ತಗೋ" ಎಂದೆ. ವರ್ಷ ತುಂಬುವುದರೊಳಗೆ ಅದೇ ಟೀಶರ್ಟುಗಳಲ್ಲಿ ಜನ ಸ್ಕೂಟರು ಒರೆಸುತ್ತಿದ್ದರು. ಬ್ಯಾನರಿನ ಜಾಗದಲ್ಲಿ ಚಳಿಗಾಲದ ಸ್ವೆಟರುಗಳು ಬಂದವು.

ಅವಳಿಗೆ ಮೊದಲು ಕಣ್ಣು ಸೋತಿತು, ಆಮೇಲೆ ಎದೆ. ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಕೆಳಗೆ ಮಲಗಿದಳು. ನಾನು ದಿನಾ ಮಧ್ಯಾಹ್ನ ಚಹಾ ಒಯ್ಯುತ್ತಿದ್ದೆ. ಕೊನೆಯ ದಿನ ಲೋಟ ಮುಟ್ಟಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡಳು.

"ಅಕ್ಕಾ, ಇನ್ನೊಂದೇ ಒಂದ್ಸಲ ಪ್ರೆಸ್ಸಿಗೆ ಹೋಗ್ಬರ್ತೀಯಾ? ಭುಜ ಸಿಗದಿದ್ರೆ ಬೇಡ. ಕೈ ಸಿಕ್ಕಿದ್ರೆ ಸಾಕು, ಕಂಬಳಿ ಹಿಡ್ಕೊಂಡಿದ್ದು."