ಬಾಣಂತಿ ಎಂಜಿನ್

ಯಮನಪ್ಪ ಎಂದು ಹೆಸರಿಟ್ಟುಕೊಂಡವನಿಗೆ ಮಾಡಲು ಬೇರೆ ಕೆಲಸ ಸಿಗಲಿಲ್ಲವೇ! ನಮ್ಮ ಓಣಿಯ ಈ ಮಹಾಶಯ ಬೈಲಹೊಂಗಲದ ಆಚೆ, ವಿಮಾನ ಹಾರಿಸಲು ಕಲಿಸುವ ಶಾಲೆಯಲ್ಲಿ ಮೆಕ್ಯಾನಿಕ್. ಯಮನಪ್ಪ ಕೈಯಾಡಿಸಿದ ವಿಮಾನ ಹತ್ತುವ ಮೊದಲು ಹುಡುಗರು ಮನೆಗೊಂದು ಫೋನ್ ಮಾಡುತ್ತಿದ್ದರಂತೆ. ಇವನೋ, ವಿಮಾನವನ್ನು ತಾನೇ ಹೆತ್ತವನಂತೆ ಮಾತಾಡುವ ಆಸಾಮಿ.

ಹೋದ ವರ್ಷ ಒಂದು ಸಣ್ಣ ವಿಮಾನದ ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಸಿಲಿಂಡರ್, ಹೊಸ ರಿಂಗು ಹಾಕಿ ಕಟ್ಟಿದ. ಅದೇ ಹೊತ್ತಿಗೆ ಅವನ ಮಗಳು ಪೂನಮ್ ತವರಿನಲ್ಲಿ ಹೆತ್ತಿದ್ದಳು. ಹೆಂಡತಿ ಲಗಮವ್ವ ಮಗಳ ಕಿವಿಗೆ ಅರಿವೆ ಕಟ್ಟಿ, ಕತ್ತಲೆ ಕೋಣೆಯಲ್ಲಿ ಮಲಗಿಸಿ ತುಪ್ಪ ತಿನ್ನಿಸುವುದನ್ನು ನೋಡಿದ್ದೇ ತಡ, ಎಂಜಿನ್ನಿಗೂ ಬಾಣಂತನ ಶುರುವಾಯಿತು. ಕಂಬಳಿ ಹೊದಿಸಿದ. ಪಿಸ್ಟನ್ನಿನ ಹೊಸ ರಿಂಗು ಸಿಲಿಂಡರಿನ ಗೋಡೆಗೆ ಹೊಂದಿ ಕೂರುವ ತನಕ ಹಾಕಬೇಕಾದ ಸಾದಾ ಎಣ್ಣೆ ಬಿಟ್ಟು ತುಟ್ಟಿ ಎಣ್ಣೆ ಸುರಿದ. ಹಾರಿಸಲು ಬಂದವರಿಗೆಲ್ಲ ಒಂದೇ ಉಪದೇಶ:

"ಹಸೀ ಬಾಣಂತಿ ಐತ್ರಿ, ಜೋರ್ ಮಾಡಬ್ಯಾಡ್ರಿ. ಸಾವಕಾಶ, ಸಾವಕಾಶ."

ಬಾಣಂತಿ ಎಣ್ಣೆ ಕುಡಿಯತೊಡಗಿತು. ಎಷ್ಟು ಹಾಕಿದರೂ ಸಾಲದು. ಹಿಂದೆ ನೀಲಿ ಹೊಗೆ ಬೇರೆ. ಯಮನಪ್ಪ ಸೀಲು ಬದಲಿಸಿದ, ಪೈಪು ಒರೆಸಿ ಸೋರಿಕೆ ಹುಡುಕಿದ, ಎಣ್ಣೆ ಮಾರಿದವನ ವಂಶವನ್ನೇ ಬೈದ, ಕೊನೆಗೆ ದೃಷ್ಟಿಗೆಂದು ನಿಂಬೆಹಣ್ಣು ಕಟ್ಟಿದ. ಶಾಲೆಯ ಮಾಲೀಕ ರಾಮಲಿಂಗಪ್ಪ ಕೆಂಡವಾದ.

"ಇನ್ನ ಇದು ಸರಿ ಆಗಲಿಲ್ಲಂದ್ರ ನೀ ಎಂಜಿನ್ ಮುಟ್ಟೂದು ಬಂದ್. ರೆಕ್ಕಿ ತೊಳಕೋತ ಕುಂದರು."

ಯಮನಪ್ಪ ಊಟ ಬಿಟ್ಟ. ನಗಬೇಕೆಂದು ಹೋದ ನನಗೂ ಅವನ ಮುಖ ನೋಡಿ ಕರುಳು ಚುರ್ ಎಂದಿತು, ಸುಳ್ಳೇಕೆ.

ಶಾಲೆಯ ಎಂಜಿನಿಯರ್ ಶೈಲಜಾ ಸಿಲಿಂಡರಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದಳು. ಚಿತ್ರ ನೋಡಿ ಯಮನಪ್ಪ ಹಿಗ್ಗಿದ.

"ನೋಡ್ರಿ ಮೇಡಂ, ಕನ್ನಡಿ ಹೊಳದಂಗ ಹೊಳಿಯಾಕತ್ತೈತಿ!"

"ಅದೇ ರೋಗ್ರಿ ಯಮನಪ್ಪಾರ. ಸಿಲಿಂಡರಿನ ಗ್ವಾಡಿ ಇಷ್ಟು ನುಣುಪಾದ್ರ ರಿಂಗು ಹೆಂಗ ಕೂಡಬೇಕು? ಎಣ್ಣಿ ಮ್ಯಾಲ ಏರಿ ಸುಡತೈತಿ. ಹೊಸಾದಿದ್ದಾಗ ಜೋರ್ ದುಡಿಸಿದ್ರ ಎರಡೂ ಒಂದಕ್ಕೊಂದು ತಿಕ್ಕಿ ಹೊಂದತಿದ್ದವು. ನೀವು ಮಲಗಿಸಿ, ಗ್ವಾಡಿಗೆ ಎಣ್ಣಿ ಜಿಡ್ಡು ಹತ್ತಿಸಿ ಕೆಡಿಸೀರಿ."

ಸಿಲಿಂಡರ್ ಬಿಚ್ಚಿ ಒಳಗೋಡೆಯನ್ನು ಉಜ್ಜಿ ಮತ್ತೆ ಒರಟು ಮಾಡಿದರು. ಹೊಸ ರಿಂಗು, ಸಾದಾ ಎಣ್ಣೆ ಬಿತ್ತು. ಪೈಲಟ್ ಎಂಜಿನ್ನನ್ನು ಜೋರಾಗಿ ದುಡಿಸುತ್ತ ನವಿಲುತೀರ್ಥದ ಅಣೆಕಟ್ಟು ಸುತ್ತಿ ಬಂದ. ಶೈಲಜಾ ಬಿಡಲಿಲ್ಲ, ಯಮನಪ್ಪನನ್ನೂ ಹಿಂದಿನ ಸೀಟಿಗೆ ಕೂರಿಸಿದ್ದಳು. ತಾನೇ ಕಟ್ಟಿದ ಎಂಜಿನ್ನಿನ ಹಿಂದೆ ಕಣ್ಣು ಮುಚ್ಚಿ "ಯಲ್ಲವ್ವ ತಾಯಿ" ಎನ್ನುತ್ತಿದ್ದನಂತೆ! ಹೀಗೆ ಹಾರಿಸುತ್ತ ಹಾರಿಸುತ್ತ ಎಣ್ಣೆ ಕುಡಿಯುವುದು ನಿಂತಿತು. ಅವನ ಕೆಲಸವೂ ಉಳಿಯಿತು.

ಕೆಲಸ ಉಳಿದ ದಿನ ಸಂಜೆ, ಮನೆಯ ಕಟ್ಟೆಯ ಮೇಲೆ ಓಣಿಯವರಾದ ನಮ್ಮೆಲ್ಲರ ಮುಂದೆ ಮತ್ತೆ ಅದೇ ಬಾಯಿ.

"ನಾ ಮೊದಲೇ ಹೇಳಿದ್ನಿ, ಹೊಸಾ ಎಂಜಿನ್ ಮಲಗಿಸಿದ್ರ ಕೆಡತೈತಿ. ಹೊರಗ ತಗದು ದುಡಿಸಬೇಕು!"

ಒಳಗಿನಿಂದ ಪೂನಮ್ ಬಂದಳು. ಕಿವಿಯ ಅರಿವೆ ಬಿಚ್ಚಿ ಅಪ್ಪನ ಹೆಗಲಿಗೆ ಹಾಕಿ, ಕೂಸನ್ನು ಅವನ ತೊಡೆಯ ಮೇಲಿಟ್ಟಳು.

"ಹಿಡಿಯಪಾ. ನಾ ಬಜಾರಕ್ಕ ಹೋಗಿ ಬರತೇನಿ."

"ಹಸೀ ಬಾ..." ಎಂದ ಯಮನಪ್ಪ ನಮ್ಮೆಲ್ಲರ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.