ಒಡೆದಿದೆ ಎಂದು ನಾನು ಬರೆದ ಬಾಟಲಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ಮಾವ ಉಟ್ಟಿದ್ದು ಪಂಚೆಯೋ ಪ್ಯಾಂಟೋ, ಕೋಣಂದೂರಿನ ಬಸ್ ಸ್ಟ್ಯಾಂಡಿನಲ್ಲಿ ನಾವು ನಿಂತಿದ್ದೆವೋ ಕೂತಿದ್ದೆವೋ — ಆಣೆ ಮಾಡಿ ಹೇಳಲಾರೆ. ನೆನಪನ್ನು ಪೂರ್ತಿ ನಂಬಬಾರದೆಂದು ತರಗತಿಯಲ್ಲಿ ನಾನೇ ಪಾಠ ಮಾಡುತ್ತೇನೆ. ಆದರೆ ಇಷ್ಟು ಮಾತ್ರ ತಪ್ಪಿಲ್ಲ: ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿದ್ದ ನನ್ನ ಸೋದರಮಾವ, ತಮ್ಮನ್ನು ಬಾಟಲಿಗಳ ಹತ್ತಿರ ಕೂರಿಸಬೇಡ ಎಂದು ನನ್ನನ್ನು ಕೇಳಿಕೊಂಡಿದ್ದರು. ನಾನು ಕೂರಿಸಿದೆ. ಆಮೇಲೆ ಆದದ್ದನ್ನು ಮುಚ್ಚಿಟ್ಟೆ. ಹನ್ನೊಂದು ವರ್ಷ ಮುಚ್ಚಿಟ್ಟೆ.

ಅಣ್ಣನ ಮದುವೆ ಅದು. ಹೆಣ್ಣು ಹೊಸನಗರದ ಕಡೆಯವಳು. ಮದುವೆ ಅವರ ಊರಿನಲ್ಲಿ, ಮಾರನೆಯ ದಿನದ ಬೀಗರೂಟ ತೀರ್ಥಹಳ್ಳಿಯ ಒಂದು ಛತ್ರದಲ್ಲಿ, ನಮ್ಮದು. ನಮ್ಮವರಲ್ಲಿ ಬೀಗರೂಟವೆಂದರೆ ಕುರಿ, ಕೋಳಿ, ಕಡುಬು ಇಷ್ಟಕ್ಕೇ ಮುಗಿಯುವುದಿಲ್ಲ. ಛತ್ರದ ಹಿಂದೆ ಎಲ್ಲೋ ಒಂದು ಕೋಣೆ ಇರುತ್ತದೆ. ಊಟಕ್ಕೆ ಮೊದಲು ಗಂಡಸರು ಒಬ್ಬೊಬ್ಬರಾಗಿ ಆ ಕಡೆ ಹೋಗಿ ಬರುತ್ತಾರೆ. ಹೆಂಗಸರು, ಮಕ್ಕಳ ಎದುರಿಗೆ ಯಾರೂ ಕುಡಿಯುವುದಿಲ್ಲ, ಅದರ ಹೆಸರನ್ನೂ ಎತ್ತುವುದಿಲ್ಲ. 'ವ್ಯವಸ್ಥೆ ಇದ್ಯಾ?' ಎಂದು ಕೇಳುತ್ತಾರೆ, ಅಷ್ಟೇ. ಆ ವ್ಯವಸ್ಥೆ ಕಡಿಮೆ ಬಿದ್ದರೆ, ಊಟ ಎಷ್ಟೇ ಚೆನ್ನಾಗಿದ್ದರೂ ಊರಿನವರು ವರ್ಷಗಟ್ಟಲೆ ಆಡಿಕೊಳ್ಳುವುದು ಅದನ್ನೇ.

ಎಷ್ಟು ತರಬೇಕು ಎಂಬ ಲೆಕ್ಕ ನನ್ನ ಪಾಲಿಗೆ ಬಂತು. ಅಣ್ಣ ಮದುಮಗ, ಅಪ್ಪಯ್ಯನಿಗೆ ಬ್ರಾಂಡಿ ಅಂಗಡಿಯ ಮುಂದೆ ನಿಂತು ಗೊತ್ತಿಲ್ಲ. ನಾನು ಎಂ.ಎ. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದೆ, ಏನಾದರೊಂದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸುವ ಹಸಿವು ಇತ್ತು. ಕರೆಯುವವರ ಪಟ್ಟಿ ತೆಗೆದುಕೊಂಡು ಹೆಸರುಗಳ ಮುಂದೆ ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ಎರಡು ಪೆಗ್ಗಿಗೆ ಏಳುವವರಿಗೆ ಒಂದು ಚುಕ್ಕೆ, ಎಬ್ಬಿಸಬೇಕಾದವರಿಗೆ ಎರಡು, ಮುಟ್ಟದವರಿಗೆ ಸೊನ್ನೆ. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ, "ಇವ್ರಿಗೆ ಎರಡು ಚುಕ್ಕೆ ಎಲ್ಲಿ ಸಾಕಾಗುತ್ತೆ ಮಾರಾಯ್ತಿ, ಇಡೀ ರಂಗೋಲಿ ಹಾಕು" ಅಂದಳು. ಬೀಗರ ಕಡೆ ಎಷ್ಟು ಜನ ಎಂದು ಫೋನು ಮಾಡಿ ಕೇಳಿದರೆ ಹೆಣ್ಣಿನ ತಮ್ಮ, "ನಮ್ಮ ಕಡೆ ಅಷ್ಟೆಲ್ಲ ಕುಡಿಯೋರು ಯಾರೂ ಇಲ್ಲ ಅಕ್ಕಾ" ಅಂದ. ಸ್ವಲ್ಪ ತಡೆದು, "ಒಂದು ನಲವತ್ತು ಜನ ಬಿಟ್ರೆ."

ಇಡೀ ಮನೆ ನಕ್ಕಿತು. ನಾನೂ ನಕ್ಕೆ. ಆ ಹದಿನೈದು ದಿನ ನಾನು ಎಷ್ಟು ಖುಷಿಯಾಗಿದ್ದೆ ಎಂಬುದನ್ನೂ ಇಲ್ಲಿ ಹೇಳಬೇಕು — ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ವಿಸ್ಕಿ ಇಷ್ಟು, ಬ್ರಾಂಡಿ ಇಷ್ಟು, ಹುಡುಗರಿಗೆ ಬಿಯರ್ ಇಷ್ಟು. "ಉಳಿದ್ರೆ ಉಳೀಲಿ, ಕಮ್ಮಿ ಬಿದ್ರೆ ನಾ ಮುಖ ತೋರ್ಸಂಗಿಲ್ಲ. ಒಂದು ನಾಕು ಬಾಟ್ಲಿ ಜಾಸ್ತಿ ಇರ್ಲಿ" ಎಂದು ಅಪ್ಪಯ್ಯ ಹೇಳಿದ್ದರು. ನಾಲ್ಕಲ್ಲ, ನಾನು ಒಂದಿಡೀ ಬಾಕ್ಸ್ ಬ್ರಾಂಡಿ ಹೆಚ್ಚಿಗೆ ಬರೆದೆ. ಅದು ನನ್ನೊಬ್ಬಳ ತೀರ್ಮಾನ.

ಇನ್ನು ಉಳಿದದ್ದು, ಆ ಕೋಣೆಯಲ್ಲಿ ಯಾರು ಕೂರಬೇಕು ಎಂಬುದು. ಹಿಂದಿನ ವರ್ಷ ಮಂಡಗದ್ದೆಯಲ್ಲಿ ನೆಂಟರೊಬ್ಬರ ಬೀಗರೂಟಕ್ಕೆ ಹೀಗೇ ಕೂರಿಸಿದ್ದವನು ಮೊದಲು ತನ್ನ ಸ್ನೇಹಿತರಿಗೆ ಹಂಚಿ, ಆಮೇಲೆ ಬಾಟಲಿಗಳ ನಡುವೆಯೇ ಮಲಗಿಬಿಟ್ಟಿದ್ದ. ಬೀಗರು ಬರುವ ಹೊತ್ತಿಗೆ ಖಾಲಿ ಬಾಟಲಿ ಮಾತ್ರ. ಹಾಗಾಗಿ ಕುಡಿಯುವವರು ಬೇಡ, ಸೊನ್ನೆಯವರೇ ಕೂರಲಿ ಎಂದು ನಾನು ಸೂಚಿಸಿದೆ. ಸೊನ್ನೆಯವರು ಇದ್ದದ್ದೇ ಕೆಲವರು. ಅವರಲ್ಲಿ ಗದರಿಸಿ ಹೇಳಬಲ್ಲವರು, ಮನೆಯವರು, ಎಲ್ಲರೂ ಮಾತು ಕೇಳುವವರು ಮಾವ ಒಬ್ಬರೇ. "ಓದ್ಸಿದ್ದಕ್ಕೆ ಸಾರ್ಥಕ" ಅಂದರು ಅಪ್ಪಯ್ಯ.

ಮಾವ ಅಂದರೆ ಅಮ್ಮನ ತಮ್ಮ. ಸಾಗರದಲ್ಲಿ ಪಂಪ್‌ಸೆಟ್ಟಿನ ಮೋಟಾರ್ ರಿಪೇರಿ ಮಾಡುವ ಸಣ್ಣ ಅಂಗಡಿ ಅವರದು. ಒಂದು ಕಾಲಕ್ಕೆ ಬೆಳಿಗ್ಗೆ ಕುಡಿಯದೆ ತಂತಿ ಸುತ್ತಲು ಕೈ ನಿಲ್ಲುತ್ತಿರಲಿಲ್ಲ. ಅವರ ಹೆಂಡತಿ, ನಮ್ಮತ್ತೆ, ಒಂದು ದಿನ ಅವರನ್ನು ಹಿನ್ನೀರಿನ ಲಾಂಚು ಹತ್ತಿಸಿ ಸಿಗಂದೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಅಮ್ಮನವರ ಮುಂದೆ ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಿಸಿದರು. ಅವತ್ತಿನಿಂದ ಮಾವ ಮುಟ್ಟಿರಲಿಲ್ಲ.

ಮದುವೆಗೆ ಎಂಟೋ ಹತ್ತೋ ದಿನ ಇರುವಾಗ ಕೋಣಂದೂರಿನ ಸುತ್ತ ಮದುವೆ ಕಾಗದ ಕೊಡಲು ನಾನೂ ಮಾವನೂ ಹೋಗಿದ್ದೆವು. ಕೆಲಸ ಮುಗಿದು, ಅವರು ಸಾಗರಕ್ಕೆ ಹೋಗಲು ರಿಪ್ಪನ್‌ಪೇಟೆ ಬಸ್ಸಿಗೆ ಕಾಯುತ್ತಿದ್ದರು. ಆಗ ಹೇಳಿದರು.

"ಪುಟ್ಟಿ, ಆ ವ್ಯವಸ್ಥೆ ಕಡೆ ನನ್ನ ಹಾಕ್ಬೇಡ. ಬಡ್ಸಕ್ಕೆ ಹಾಕು, ಎಲೆ ಎತ್ತಕ್ಕೆ ಹಾಕು, ಎಂಥಕ್ಕಾದ್ರೂ ಹಾಕು. ಅದ್ರ ವಾಸ್ನೆ ಬಂದ್ರೆ ನಂಗೆ ಇನ್ನೂ... ಯಾಕೆ ಅಂತ ನಿಮ್ಮಪ್ಪಯ್ಯಂಗೆ ಹೇಳ್ಬೇಡ. ನಿಮ್ಮತ್ತೆಗಂತೂ ಬೇಡ. ಅವ್ಳು ಪೂರ್ತಿ ಬಿಟ್ಟೋಗಿದೆ ಅಂತ ನಂಬ್ಕೊಂಡಿದಾಳೆ."

ನಾನು ಏನೆಂದೆ? ಈ ಜಾಗದಲ್ಲಿ ನನ್ನ ನೆನಪು ನನಗೆ ಅನುಕೂಲವಾಗುವಂತೆ ಬದಲಾಗಲು ಎಷ್ಟೋ ಸಲ ಪ್ರಯತ್ನಿಸಿದೆ. 'ನೋಡ್ತೀನಿ ಮಾವ' ಅಂದಿದ್ದೆನೇನೋ ಎಂದು ಒಂದೆರಡು ವರ್ಷ ನಂಬಿಕೊಂಡೂ ಇದ್ದೆ. ಇಲ್ಲ. ನಾನು ಹೇಳಿದ್ದು ಇದು:

"ಬಿಟ್ಟಿದ್ದು ಬಿಟ್ಟಾಯ್ತಲ್ಲ ಮಾವ? ಒಂದು ಮಧ್ಯಾಹ್ನ ತಾನೇ? ನಿಮ್ಮನ್ನ ಬಿಟ್ರೆ ನಾನು ಯಾರನ್ನ ನಂಬ್ಲಿ?"

ಹೊಗಳಿಕೆಯಂತೆ ಕೇಳಿಸುವ ಮಾತು. ಆದರೆ ಅದನ್ನು ಹೇಳುವಾಗ ನನ್ನೊಳಗೆ ಒಂದು ತಾತ್ಸಾರ ಇತ್ತು — ಬಾಟಲಿಯ ಪಕ್ಕ ನಾಲ್ಕು ಗಂಟೆ ಕೂರಲಾರದವರು ಬಿಟ್ಟದ್ದಾದರೂ ಏನು ಎಂಬ ತಾತ್ಸಾರ. ಪಟ್ಟಿಯನ್ನು ತಿದ್ದುವ ಬೇಸರವೂ ಇತ್ತು. ಬೇರೊಬ್ಬರನ್ನು ಹುಡುಕಬೇಕು, ಅಪ್ಪಯ್ಯನಿಗೆ ಏನಾದರೂ ಕಾರಣ ಹೇಳಬೇಕು. ಮಾವನಿಗೆ ಬೆನ್ನುನೋವು ಎಂದರೆ ಸಾಕಿತ್ತು. ಒಂದು ಸುಳ್ಳು. ಮುಂದೆ ನಾನು ಹೇಳಿದ ಸುಳ್ಳುಗಳ ಮುಂದೆ ಅದು ಎಷ್ಟರದು...

ಮಾವ "ಆಯ್ತು ಬಿಡು" ಅಂದರು. ಬಸ್ಸು ಬಂತು.

ಬೀಗರೂಟದ ದಿನ ಎಲ್ಲವೂ ನಾನು ಬರೆದಂತೆಯೇ ನಡೆಯಿತು. ಕೋಣೆಯ ಬಾಗಿಲಲ್ಲಿ ಮಾವ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನನ್ನ ಪಟ್ಟಿ ಕೈಯಲ್ಲಿ ಹಿಡಿದು ಕೂತಿದ್ದರು. ಮಜ್ಜಿಗೆಯ ಕೊಡ ತರಲು ಆ ಕಡೆ ಹೋದಾಗ ಬೀಗರ ಪೈಕಿ ಒಬ್ಬರು ಅವರನ್ನು ಕಿಚಾಯಿಸುತ್ತಿದ್ದರು: "ಏನ್ ಮಾರಾಯ್ರೇ, ಎಲ್ರಿಗೂ ತೀರ್ಥ ಕೊಡ್ತೀರಿ, ಭಟ್ರಿಗೇ ಇಲ್ವಾ?" ಸುತ್ತ ನಿಂತವರೆಲ್ಲ ನಕ್ಕರು. ಮಾವನೂ ನಕ್ಕರು. ನಗುತ್ತಲೇ ನನ್ನತ್ತ ನೋಡಿದರು. ನಾನು ಕೊಡ ಎತ್ತಿಕೊಂಡು ಹೊರಟೆ. ಬಡಿಸುವ ಅವಸರ ಎಂದುಕೊಂಡೆ. ಅಷ್ಟೊಂದು ಅವಸರ ಏನಿತ್ತು? ಪಂಕ್ತಿ ಇನ್ನೂ ಕೂತಿರಲಿಲ್ಲ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೊಸನಗರದವರ ಬಸ್ಸು ಹೊರಟಿತು. ಅವರನ್ನು ಕಳಿಸಲು ಎಲ್ಲರೂ ಛತ್ರದ ಮುಂದುಗಡೆ ಇದ್ದರು. ಉಳಿದದ್ದೆಷ್ಟು ನೋಡೋಣವೆಂದು ನಾನೊಬ್ಬಳೇ ಹಿಂದಕ್ಕೆ ಹೋದೆ. ನಾನು ಹೆಚ್ಚಿಗೆ ತರಿಸಿದ್ದ ಬಾಕ್ಸ್ ಬಂದವರಿಗೆ ಬೇಕಾಗಿಯೇ ಇರಲಿಲ್ಲ. ಆದರೂ ಅದರ ಮೇಲಿನ ಅಂಟು ಕಿತ್ತಿತ್ತು, ಒಂದು ಬಾಟಲಿ ಇರಲಿಲ್ಲ. ಮಾವ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಸ್ಟೀಲಿನ ಲೋಟ. ಅತ್ತಿದ್ದರೇ? ಗೊತ್ತಿಲ್ಲ, ಕಣ್ಣು ಕೆಂಪಗಿದ್ದವು, ಅದು ಕುಡಿದದ್ದಕ್ಕೂ ಇರಬಹುದು. ಅವರು ಪಟ್ಟಿಯನ್ನು ನನ್ನ ಕಡೆ ಚಾಚಿ ಮೆಲ್ಲಗೆ ಹೇಳಿದರು:

"ಒಂದು ಕಮ್ಮಿ ಬರುತ್ತೆ ಪುಟ್ಟಿ. ಅದು ನಂದು ಅಂತ ಬರ್ಕೊ."

ನಾನು ಬರೆಯಲಿಲ್ಲ. ಬ್ರಾಂಡಿ ಎಂಬಲ್ಲಿ 'ಒಂದು ಒಡೆದಿದೆ' ಎಂದು ಬರೆದೆ. ಮಾವನ ಮುಖ ತೊಳೆಸಿ, ತಲೆನೋವಂತೆ ಎಂದು ಎಲ್ಲರಿಗೂ ಹೇಳಿ, ಮೇಲಿನ ರೂಮಿನಲ್ಲಿ ಮಲಗಿಸಿದೆ. ಒಡೆದ ಗಾಜು ಎಲ್ಲಿ, ಮಕ್ಕಳು ತುಳಿದಾರು ಎಂದು ಅಪ್ಪಯ್ಯ ಕೇಳಿದ್ದಕ್ಕೆ, ಗುಡಿಸಿ ಹಾಕಿದೆ ಅಂದೆ. ಅವತ್ತಿನ ನನ್ನ ಡೈರಿ ಈಗಲೂ ಇದೆ. ಅದರಲ್ಲಿರುವುದು ಒಂದೇ ಸಾಲು: 'ಊಟ ಚೆನ್ನಾಗಾಯಿತು, ಯಾವುದೂ ಕಡಿಮೆ ಬೀಳಲಿಲ್ಲ.'

ಮಾವನ ಮಾನ ಉಳಿಸಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಅವರು ಮಾನ ಉಳಿಸು ಎಂದಿರಲಿಲ್ಲ. ಬರ್ಕೊ ಎಂದಿದ್ದರು. ಅದನ್ನು ಬರೆದಿದ್ದರೆ, ಅವತ್ತೇ ಅಪ್ಪಯ್ಯನಿಗೆ, ಅತ್ತೆಗೆ ಗೊತ್ತಾಗುತ್ತಿತ್ತು. ಗಲಾಟೆ ಆಗುತ್ತಿತ್ತು, ಅತ್ತೆ ಅಳುತ್ತಿದ್ದರು, ಮರುದಿನ ಮತ್ತೆ ಸಿಗಂದೂರಿಗೆ ಎಳೆದುಕೊಂಡು ಹೋಗುತ್ತಿದ್ದರೋ ಏನೋ. ಒಂದು ದಿನದ ತಪ್ಪಾಗಿ ಅದು ಮುಗಿಯುತ್ತಿತ್ತೇ? ಹೇಳಲಾರೆ. ಮುಗಿಯಲು ಒಂದು ದಾರಿಯಾದರೂ ಇರುತ್ತಿತ್ತು. ಎಲ್ಲ ಗೊತ್ತಾದರೆ 'ಅವರನ್ನ ಅಲ್ಲಿ ಕೂರಿಸಿದ್ದು ಯಾರು?' ಎಂಬ ಪ್ರಶ್ನೆಯೂ ಬರುತ್ತಿತ್ತು. ನಾನು ಒಡೆದಿದೆ ಎಂದು ಬರೆದದ್ದು ಆ ಪ್ರಶ್ನೆಗೆ ಹೆದರಿ.

ಎರಡು ತಿಂಗಳಿಗೆ ಅತ್ತೆಯ ಫೋನು ಬಂತು. ಮಾವ ಮತ್ತೆ ಶುರು ಮಾಡಿದ್ದಾರೆ. ನಾನು ಸಾಗರಕ್ಕೆ ಹೋದೆ. ಅತ್ತೆ ನನ್ನನ್ನು ಅವರ ಎದುರಿಗೆ ಕೂರಿಸಿ, "ನೀನು ಓದಿದವ್ಳು, ನೀನಾದ್ರೂ ಎರಡು ಮಾತು ಹೇಳೆ. ಅಮ್ಮನೋರ ಮುಂದೆ ಕೊಟ್ಟ ಮಾತಿಗೇ ಬೆಲೆ ಇಲ್ಲ ಇವ್ರಿಗೆ" ಅಂದರು.

ಹೇಳಿದೆ. ಮನಸ್ಸು ಗಟ್ಟಿ ಮಾಡ್ಕೊಬೇಕು ಮಾವ, ಅತ್ತೆ ಮುಖ ನೋಡಿ ಮಾವ. ಇನ್ನೂ ಏನೇನೋ. ಅವರು ನನ್ನನ್ನೇ ನೋಡುತ್ತಾ ಕೇಳಿಸಿಕೊಂಡರು. ಒಂದು ಮಾತು ಸಾಕಿತ್ತು ಅವರಿಗೆ. 'ಇವ್ಳನ್ನೇ ಕೇಳು' ಎಂದು ಅತ್ತೆಗೆ ಅಂದಿದ್ದರೆ ನನ್ನ ಬಾಯಿ ಅಲ್ಲಿಗೆ ನಿಲ್ಲುತ್ತಿತ್ತು. ಅನ್ನಲಿಲ್ಲ. "ಆಯ್ತು ಪುಟ್ಟಿ" ಅಂದರು. ಅತ್ತೆ ನನಗೆ ಕಾಫಿ ಮಾಡಿಕೊಟ್ಟರು. ಕುಡಿದೆ.

ನಾಲ್ಕನೆಯ ವರ್ಷ ಮಾವ ಹೋದರು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು. ಕೊನೆಯವರೆಗೂ ಅತ್ತೆ ಅವರನ್ನು ಅದೊಂದೇ ಮಾತಿನಿಂದ ಚುಚ್ಚಿದರು: ದೇವರಿಗೆ ಕೊಟ್ಟ ಮಾತು ತಪ್ಪಿದವರು. ನೆಂಟರಲ್ಲೂ ಅವರ ಹೆಸರು ಹಾಗೇ ಉಳಿದಿದೆ. ಅವರು ಆ ಮಾತು ಉಳಿಸಿಕೊಳ್ಳಲು ಒಬ್ಬ ಹುಡುಗಿಯ ಮುಂದೆ ಬಸ್ ಸ್ಟ್ಯಾಂಡಿನಲ್ಲಿ ಬೇಡಿಕೊಂಡಿದ್ದರು ಎಂಬುದು ನನ್ನೊಬ್ಬಳಿಗೇ ಗೊತ್ತು. ಅಥವಾ, ನನ್ನೊಬ್ಬಳಿಗೇ ಗೊತ್ತು ಎಂದು ನಾನು ತಿಳಿದಿದ್ದೆ.

ನಮ್ಮಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ, ಬದುಕಿದ್ದಾಗ ಅವರು ಇಷ್ಟಪಟ್ಟದ್ದನ್ನೆಲ್ಲ ಬಾಳೆಲೆಯ ಮೇಲೆ. ಮಾವನ ಎಲೆಯ ಪಕ್ಕ ಪ್ರತಿವರ್ಷವೂ ಒಂದು ಲೋಟ ಬ್ರಾಂಡಿ ಇರುತ್ತದೆ. 'ಪಾಪ, ಅವನಿಗೆ ಅದೇ ಪ್ರಾಣ' ಎಂದು ಯಾರಾದರೂ ಅನ್ನುತ್ತಾರೆ. ನಾನು ಕೈಮುಗಿದು ನಿಲ್ಲುತ್ತೇನೆ. ಆ ಲೋಟದ ಮುಂದೆ ಕಣ್ಣುಮುಚ್ಚಿದರೆ ಅವರ ಧ್ವನಿ ಕೇಳುತ್ತದೆ: ಎಂಥಕ್ಕಾದ್ರೂ ಹಾಕು, ಅದ್ರ ಕಡೆ ಬೇಡ. ಸತ್ತ ಮೇಲೂ ಅಲ್ಲೇ ಕೂರಿಸಿದ್ದೇವೆ.

ಈ ವರ್ಷ ಬೆಳಿಗ್ಗೆಯೇ ಸಾಗರಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಅತ್ತೆಯೂ ನಾನೂ ಇಬ್ಬರೇ. ಅತ್ತೆ ಕಾಯಿ ತುರಿಯುತ್ತಾ, ತಲೆಯೆತ್ತದೆ ಕೇಳಿದರು:

"ನಿಮ್ಮ ಮಾವಂಗೆ ಎಷ್ಟು ತರ್ಸಾದು? ಒಂದು ಕ್ವಾರ್ಟರ್ ಸಾಕಾ? ನೀನೇ ಹೇಳು. ನಿಮ್ಮಣ್ಣನ ಮದ್ವೇಲಿ ನೀನೇ ಅಲ್ವಾ ಎಲ್ಲ ಲೆಕ್ಕ ಹಾಕಿದ್ದು."

ಸುಮ್ಮನೆ ಬಂದ ಮಾತೋ, ಹನ್ನೊಂದು ವರ್ಷ ಹಿಡಿದಿಟ್ಟುಕೊಂಡ ಮಾತೋ ನನಗೆ ಇಂದಿಗೂ ತಿಳಿಯುತ್ತಿಲ್ಲ. ಧ್ವನಿಯಲ್ಲಿ ಏನೂ ಇರಲಿಲ್ಲ. ಅಥವಾ ನಾನು ಕೇಳಿಸಿಕೊಳ್ಳಲಿಲ್ಲ. ಈ ವರ್ಷಗಳುದ್ದಕ್ಕೂ ಅವರು ನನಗೆ ಕೊಟ್ಟ ಕಾಫಿ, ಕಟ್ಟಿಕೊಟ್ಟ ಉಪ್ಪಿನಕಾಯಿ, ನನ್ನ ಮಗಳ ತಲೆಗೆ ಹಚ್ಚಿದ ಎಣ್ಣೆ ಎಲ್ಲವೂ ಒಮ್ಮೆಲೇ ಬೇರೆಯಾಗಿ ಕಾಣತೊಡಗಿದವು. ಇವರಿಗೆ ಗೊತ್ತಿದ್ದರೆ? ಗೊತ್ತಿದ್ದೂ ಮಾವನನ್ನು ಹಾಗೆ ಅಂದಿದ್ದರೆ? ಗೊತ್ತಿಲ್ಲದಿದ್ದರೆ, ನಾನು ಈಗ ಹೇಳಿದೊಡನೆ, ತಾವು ಆಡಿದ ಒಂದೊಂದು ಮಾತೂ ಇವರನ್ನು ಏನು ಮಾಡಬಹುದು?

ಆದರೂ ಕೇಳಿದೆ. 'ನಾನು ತಪ್ಪು ಮಾಡಿದೆ ಅತ್ತೆ' ಎಂದು ನೇರವಾಗಿ ಹೇಳುವ ಧೈರ್ಯ ಬರಲಿಲ್ಲ, ಮಾವ ಅವರಿಗೆ ಏನಾದರೂ ಹೇಳಿದ್ದರೇ ಎಂದು ಪ್ರಶ್ನೆಯಾಗಿ ಕೇಳಿದೆ. ಅತ್ತೆಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತುರಿಯತೊಡಗಿದರು. "ಮೊದ್ಲು ಎಡೆ ಆಗ್ಲಿ" ಅಂದರು. ಎಡೆ ಆಯಿತು. ಜನ ಬಂದರು, ಊಟ ಮಾಡಿದರು, ಲೋಟ ಎಂದಿನಂತೆ ಎಲೆಯ ಪಕ್ಕದಲ್ಲೇ ಇತ್ತು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಅತ್ತೆ ಗೇಟಿನವರೆಗೂ ಬಂದರು.

ಐದು ತಿಂಗಳಾಯಿತು. ಫೋನಿನಲ್ಲಿ ಮೊಣಕಾಲು ನೋವಿನ ಸುದ್ದಿ ಮಾತಾಡುತ್ತಾರೆ, ಮಗಳ ಪರೀಕ್ಷೆ ವಿಚಾರಿಸುತ್ತಾರೆ, ಅದರ ಮಾತೆತ್ತುವುದಿಲ್ಲ. ಅಪ್ಪಯ್ಯನಿಗೂ ಅಮ್ಮನಿಗೂ ಅಣ್ಣನಿಗೂ ಮೊನ್ನೆ ಭಾನುವಾರ ಎಲ್ಲವನ್ನೂ ಹೇಳಿದೆ. ಅಪ್ಪಯ್ಯ ಎದ್ದು ಹೊರಗೆ ಹೋದರು. ಮುಂದಿನ ವಾರ ಸಾಗರಕ್ಕೆ ಹೋಗಿ, ಮಾವ ಬೇಡಿಕೊಂಡದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಒಡೆಯದ ಬಾಟಲಿಯನ್ನೂ ಅತ್ತೆಯ ಎದುರಿಗೆ ಕೂತು ಹೇಳುತ್ತೇನೆ. ಅವರು ನನ್ನನ್ನು ಕ್ಷಮಿಸಬೇಕಿಲ್ಲ. ಮಾವನನ್ನು ಕ್ಷಮಿಸಿದರೆ ಸಾಕು. ಆಮೇಲೆ ಅವತ್ತು ಕೇಳಿದ್ದನ್ನೇ ಮತ್ತೊಮ್ಮೆ ಕೇಳುತ್ತೇನೆ:

"ಅತ್ತೆ, ಆ ಕೋಣೇಲಿ ಕೂರ್ಸಬೇಡ ಅಂತ ಮಾವ ನನ್ನ ಕೇಳ್ಕೊಂಡಿದ್ರು — ಅದನ್ನ ಅವ್ರು ನಿಮಗೆ ಯಾವತ್ತಾದ್ರೂ ಹೇಳಿದ್ರಾ?"