ಧಣಿಗಳ ತಲೆಯ ಮೇಲಿನ ಸಾಲು

“ಗ್ಯಾಲರಿ ಖಾಲಿ ಉಂಟಲ್ಲ, ಹತ್ತಿ ಕೂತುಕೊಳ್ಳಿ ಮಾರಾಯ್ರೆ!” ಐವತ್ತರ ದಶಕದಲ್ಲಿ ಪುತ್ತೂರಿನ ಒಂದು ಫುಟ್‌ಬಾಲ್ ಪಂದ್ಯದಲ್ಲಿ ಹೀಗೆ ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು. ಹೆಚ್ಚು ಜನ ಕೂರಲೆಂದು ಪಂದ್ಯ ನಡೆಸುತ್ತಿದ್ದ ನಾವೇ ಅಡಿಕೆ ಮರ ಹೊತ್ತು ತಂದು ಗ್ಯಾಲರಿಗೆ ಹೊಸ ಮೆಟ್ಟಿಲು ಕಟ್ಟಿದ್ದೆವು. ಕೆಳಗಿನ ಸಾಲಿನಲ್ಲಿ ಜಮೀನ್ದಾರರು ಕೂತಿದ್ದರು, ಮೇಲೆ ಒಬ್ಬರೂ ಇಲ್ಲ. ಉಳಿದವರೆಲ್ಲ ಮೈದಾನದ ಗೆರೆ ತುಳಿದು ನಿಂತದ್ದರಿಂದ ಆಟವೇ ನಿಂತಿತು. ರೇಗಿಹೋಗಿ ಇಚಿಲಂಪಾಡಿ ಊರಿನ ಗೇಣಿ ಒಕ್ಕಲಿನವನೊಬ್ಬನ ತೋಳು ಹಿಡಿದು ಎಳೆದೆ.

“ಕೆಳಗೆ ಕೂತದ್ದು ನಮ್ಮ ಧಣಿಗಳು. ಅವರ ತಲೆಯ ಮೇಲೆ ನಾನು ಕಾಲಿಟ್ಟು ಕೂತುಕೊಳ್ಳುದಾ? ನಾಳೆ ಗದ್ದೆ ಬಿಡು ಅಂದ್ರೆ ಎಂತ ಮಾಡುದು?” ಎಂದ.

ಧಣಿಗಳನ್ನೇ ಮೇಲೆ ಹತ್ತಲು ಬೇಡಿಕೊಂಡೆ. ಮೊಣಕಾಲು ನೋವು ಎಂದರು.

ಹೇಗೋ ಪಂದ್ಯ ಮುಗಿಸಿದ ಮೇಲೆ ಆ ಮೆಟ್ಟಿಲುಗಳನ್ನು ನಾವೇ ಬಿಚ್ಚಿದೆವು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ, ಕಟ್ಟಿದ್ದ ಹಗ್ಗಗಳನ್ನೆಲ್ಲ ಕತ್ತಿಯಿಂದ ಕಡಿದು ಹಾಕಿದೆ.